ಮದಗದ ಕೋಡಿ ನೋಡ ಹೋದವರು ಮನೆಗೂ ಬರಬೇಕಲ್ಲ!

ಮಾಸೂರು: ಮಳೆಗಾಲ ಹಿಡಿದು ಮದಗದ ಕೆರೆ ಕೋಡಿ ಬಿತ್ತೆಂದರೆ ಸಾಕು, ಹಿರೇಕೆರೂರು, ರಟ್ಟೀಹಳ್ಳಿ, ಶಿಕಾರಿಪುರದ ಕಡೆಯ ಜನ ಮಾಸೂರಿಗೆ ಮುಖ ಮಾಡುತ್ತಾರೆ. ಭಾನುವಾರವಂತೂ ಕೇಳುವುದೇ ಬೇಡ. ಕೈಯಲ್ಲಿ ಚುರುಮುರಿ ಪೊಟ್ಟಣ, ಕಾಲಲ್ಲಿ ಹವಾಯಿ ಚಪ್ಪಲಿ, ಕಿಸೆಯಲ್ಲಿ ಮೊಬೈಲು. ತಯಾರಿ ಅಂದರೆ ಇಷ್ಟೇ. "ಏನಾಗ್ತೈತಿ ಬಿಡ್ರಿ" ಎಂಬ ಧೈರ್ಯ ಬೇರೆ.

ಏನಾಗುತ್ತದೆ ಎಂಬುದು ಕೊಲ್ಲೂರು ಬಳಿಯ ಅರಿಶಿನಗುಂಡಿಯಲ್ಲಿ 2023ರ ಜುಲೈನಲ್ಲಿ ಗೊತ್ತಾಯಿತು. ಬಂಡೆಯ ಮೇಲೆ ನಿಂತು ಜಲಪಾತ ನೋಡುತ್ತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಶವ ಸಿಗಲು ಒಂದು ವಾರ ಹಿಡಿಯಿತು.

ಮದಗದಲ್ಲಿ ಇನ್ನೊಂದು ಮೋಸವಿದೆ. ಕೆರೆಗೆ ನೀರು ತರುವ ಕುಮುದ್ವತಿ ಹುಟ್ಟುವುದು ಹುಂಚದ ಸನಿಹ, ಮಲೆನಾಡಿನಲ್ಲಿ. ಅಂಜನಾಪುರ ಜಲಾಶಯ ದಾಟಿ, ಶಿಕಾರಿಪುರ ಸೀಮೆ ಹಾದು, ಗುಡ್ಡಗಳ ನಡುವಿನ ಈ ಕೆರೆಗೆ ಬರುತ್ತದೆ. ಮಾಸೂರಿನಲ್ಲಿ ಚಳಿಚಳಿ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಇಲ್ಲಿ ಕೋಡಿ ಏರಿಸಬಹುದು. ಇಲ್ಲಿಯ ಮೋಡ ನೋಡಿ ನೀರಿಗಿಳಿದವನು ಕೆಟ್ಟ.

ನೀರು ಮುಂಚೆಯೇ ಸುಳಿವು ಕೊಡುತ್ತದೆ. ತಿಳಿಯಿದ್ದದ್ದು ರಾಡಿಯಾದರೆ, ಕಸಕಡ್ಡಿ ತೇಲಿ ಬಂದರೆ, ಸದ್ದು ಜೋರಾದರೆ ಚಪ್ಪಲಿ ಹುಡುಕುತ್ತ ನಿಲ್ಲಬಾರದು. ದಂಡೆ ಹತ್ತಬೇಕು. ಮೊಣಕಾಲುಮಟ್ಟದ ನೀರೇ ಆದರೂ ಸೆಳವಿದ್ದರೆ ಗಟ್ಟಿ ಆಳನ್ನೂ ಕೆಡವುತ್ತದೆ. ಹಾವಸೆ ಹಿಡಿದ ಬಂಡೆಯ ತುದಿಗೆ ಫೋಟೋಕ್ಕೆಂದು ಹೋಗುವುದು ಸಲ್ಲ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ ಎಸೆಯಿರಿ, ಇಲ್ಲದಿದ್ದರೆ ಧೋತರ, ಸೀರೆ, ಉದ್ದನೆಯ ಕೋಲು ಚಾಚಿ. ಒಂದು ಜೀವ ಉಳಿಸಲು ಹೋಗಿ ಎರಡು ಹೋದದ್ದು ಎಷ್ಟು ಕಡೆಯೋ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಎಲ್ಲವೂ ಪೇಟೆಯ ಅಂಗಡಿಯಲ್ಲೇ ಸಿಗುತ್ತವೆ: ಹತ್ತು ಮಾರು ನೈಲಾನ್ ಹಗ್ಗ, ಟಾರ್ಚು, ಸೀಟಿ, ಕುಡಿಯುವ ನೀರು, ಬೆಲ್ಲ-ಶೇಂಗಾ, ಗಾಯಕ್ಕೆ ಬಟ್ಟೆಪಟ್ಟಿ, ಮೊಬೈಲು ನೆನೆಯದಂತೆ ಪ್ಲಾಸ್ಟಿಕ್ ಚೀಲ. ಕಾಲಿಗೆ ಹಿಡಿತವಿರುವ ಬೂಟು ಬೇಕು. ದಾರಿ ತಪ್ಪಿದರೆ ಕೂಗಿ ಗಂಟಲು ಹರಿದುಕೊಳ್ಳುವುದಕ್ಕಿಂತ ಮೂರು ಸಲ ಸೀಟಿ ಊದುವುದು ಮೇಲು.

ಗುಡ್ಡದ ಹುಲ್ಲಿನಲ್ಲಿ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ಸೀದಾ ದವಾಖಾನೆಗೆ ಒಯ್ಯಬೇಕು. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಗುಡುಗು ಶುರುವಾದರೆ ಒಂಟಿಮರದ ಬುಡ ಬಿಟ್ಟು ಕೆಳಗಿಳಿಯಬೇಕು.

ಕೊನೆಯ ಮಾತು ಬಸ್ಸಿನದು. ಎಲ್ಲಿಗೆ ಹೋಗುತ್ತೇವೆ, ಯಾವ ಬಸ್ಸಿಗೆ ತಿರುಗಿ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೊರಡಬೇಕು. ಕೋಡಿ ಇವತ್ತಲ್ಲ, ನಾಳೆಯೂ ಬೀಳುತ್ತದೆ. ಸಂಜೆಯ ಬಸ್ಸಿಗೆ ದಾರಿ ಕಾಯುವ ತಾಯಿಗೆ ಮಗ ಒಬ್ಬನೇ.