ಪದವೀಧರನು ಇಂಗ್ಲೀಷ್ ಅಧ್ಯಾಪಕನಾಗುವ ಬಗೆ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಕುರಿತು ಒಂದು ವಿಚಾರ

ಪ್ರೌಢಶಾಲೆಯಲ್ಲಿ ಇಂಗ್ಲೀಷನ್ನು ಕಲಿಸಬಯಸುವ ಪದವೀಧರನಿಗೆ ನಮ್ಮ ರಾಜ್ಯದಲ್ಲಿ ವಿಧಿಸಿರುವ ಮಾರ್ಗವು ಮೇಲುನೋಟಕ್ಕೆ ಸರಳವಾದುದು. ಇಂಗ್ಲೀಷನ್ನು ಐಚ್ಛಿಕ ವಿಷಯವನ್ನಾಗಿ ಓದಿ ಬಿ.ಎ. ಪದವಿಯನ್ನು ಪಡೆಯಬೇಕು, ಆ ಮೇಲೆ ಎರಡು ವರ್ಷ ಬಿ.ಎಡ್. ಅಭ್ಯಾಸಕ್ರಮವನ್ನು ಮುಗಿಸಬೇಕು, ತರುವಾಯ ನೇಮಕಾತಿಯ ಪರೀಕ್ಷೆಗೆ ಕೂಡಬೇಕು. ಆದರೆ ಈ ಐದು ವರ್ಷಗಳ ದಾರಿಯಲ್ಲಿ ಅವನಿಗೆ ಇಂಗ್ಲೀಷನ್ನು ಆಡಲು ಕಲಿಸುವ ಘಟ್ಟವು ಯಾವದು ಎಂದು ಕೇಳಿದರೆ ಉತ್ತರ ಕೊಡುವದು ಸುಲಭವಲ್ಲ. ಬಿ.ಎ. ತರಗತಿಯು ಸಾಹಿತ್ಯವನ್ನು ಹೇಳುವದು, ಬಿ.ಎಡ್. ತರಗತಿಯು ಬೋಧನೆಯ ವಿಧಾನವನ್ನು ಹೇಳುವದು. ಭಾಷೆಯನ್ನು ತನಗಿಂತ ಮುಂಚಿನವರು ಕಲಿಸಿಯೇ ಇರುವರೆಂದು ಪ್ರತಿಯೊಬ್ಬರೂ ಭಾವಿಸಿಕೊಳ್ಳುವರು. ಈ ಭಾವನೆಗೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವುಂಟು. ಅದನ್ನು ಬೆಳಗಾವಿ ಜಿಲ್ಲೆಯ ಮೂರು ತಾಲೂಕುಗಳನ್ನು ಎದುರಿಗಿಟ್ಟುಕೊಂಡು ವಿಚಾರಿಸುವದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂಗ್ಲೀಷ್ ಅಧ್ಯಾಪಕನ ಮಾತೇಕೆ ಎಂದು ಕೆಲವರು ಕೇಳಬಹುದು. ಬಿ.ಎಡ್. ಸೇರುವ ಕಲಾ ಪದವೀಧರರು ರೂಢಿಯಂತೆ ಎರಡು ಬೋಧನಾ ವಿಷಯಗಳನ್ನು ಆಯ್ದುಕೊಳ್ಳುವರು. ಅವುಗಳಲ್ಲಿ ಇತಿಹಾಸ ಮತ್ತು ಇಂಗ್ಲೀಷ್ ಎಂಬ ಜೋಡಿಯು ಬಹು ಪರಿಚಿತವಾದುದು. ನಾವು ಬಿ.ಎ. ತರಗತಿಯಲ್ಲಿ ಇತಿಹಾಸ ಹೇಳಿ ಕಳುಹಿಸಿದ ಹುಡುಗ ಹುಡುಗಿಯರೇ ಮುಂದೆ ಇಂಗ್ಲೀಷ್ ತಾಸಿಗೆ ಹೋಗಿ ನಿಲ್ಲುವರು. ಅವರ ಗತಿ ನಮಗೆ ಸಂಬಂಧಪಡದುದೆಂದು ಹೇಳಲಾರೆವು.

ಮೊದಲು ಸ್ಥಳದ ಸಂಗತಿ. ಈ ಮೂರು ತಾಲೂಕುಗಳ ಎಲ್ಲೆಗಳು ಹಲವು ಸಲ ಬದಲಾಗಿವೆ. 1884ರ ಬೆಳಗಾವಿ ಗ್ಯಾಸೆಟಿಯರಿನ ಕಾಲಕ್ಕೆ ಹುಕ್ಕೇರಿಯು ಚಿಕ್ಕೋಡಿ ತಾಲೂಕಿನೊಳಗಿತ್ತು. ಮೂಡಲಗಿಯಂತೂ ತೀರ ಈಚೆಗೆ ಗೋಕಾಕದಿಂದ ಬೇರ್ಪಟ್ಟು ತಾಲೂಕಾಯಿತು. ಕಂದಾಯದ ದೃಷ್ಟಿಯಿಂದ ಮೂರೂ ಬೆಳಗಾವಿಗೆ ಸೇರಿದ್ದರೂ ವಿದ್ಯಾಖಾತೆಯ ದೃಷ್ಟಿಯಿಂದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುವವು. ಘಟಪ್ರಭೆಯ ನೀರುಂಡ ಈ ಕಬ್ಬಿನ ಸೀಮೆಯಲ್ಲಿ ಮನೆಮಾತು ಬಹುತರವಾಗಿ ಕನ್ನಡ. ಮರಾಠಿ, ಉರ್ದು ಆಡುವ ಮನೆಗಳೂ ಸಾಕಷ್ಟಿವೆ. ಇಂಗ್ಲೀಷು ಮಾತ್ರ ಯಾರ ಮನೆಯದೂ ಅಲ್ಲ, ಸಂತೆಯದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋಕಾಕ ಜಲಪಾತದ ಬಳಿ ಆಂಗ್ಲ ಬಂಡವಾಳದ ನೂಲಿನ ಗಿರಣಿಯೆದ್ದಿತು. ಗಿರಣಿ ಬಂದರೂ ಭಾಷೆಯು ಗಿರಣಿಯ ಕಚೇರಿಯನ್ನು ದಾಟಿ ಕೆಲಸಗಾರರ ಓಣಿಗೆ ಇಳಿಯಲಿಲ್ಲ. ಆದುದರಿಂದ ಇಲ್ಲಿಯ ಮಗುವು ಇಂಗ್ಲೀಷನ್ನು ಒಬ್ಬ ಮನುಷ್ಯನು ತನ್ನೊಡನೆ ಆಡುವ ಮಾತಾಗಿ ಕೇಳುವದು, ಕೇಳುವದಾದರೆ, ಶಾಲೆಯ ಆ ಒಂದು ತಾಸಿನಲ್ಲಿಯೇ. ಅಧ್ಯಾಪಕನ ಬಾಯಿಯೇ ಇಲ್ಲಿ ಮುಖ್ಯವಾದ ಪಠ್ಯಪುಸ್ತಕ.

ನಮ್ಮ ಭಾಗದಲ್ಲಿ ಶಿಕ್ಷಕರ ಪ್ರಶಿಕ್ಷಣವು ಹುಟ್ಟಿದ್ದು ಪದವೀಧರರಿಗಾಗಿ ಅಲ್ಲ. ಮುಂಬಯಿ ಇಲಾಖೆಯ ದಕ್ಷಿಣ ಭಾಗದ ಕನ್ನಡ ಶಾಲೆಗಳಿಗೆ ಮಾಸ್ತರರನ್ನು ಸಿದ್ಧಗೊಳಿಸಲು ನಾರ್ಮಲ್ ಸ್ಕೂಲು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ಏರ್ಪಟ್ಟಿತು. ಅದರ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿ ಶಾಲೆಗಳೇ ತುಂಬಿದ್ದ ಕಡೆ ಕನ್ನಡ ಶಾಲೆಗಳನ್ನು ತೆರೆಯಿಸಿದ ಮಹನೀಯರು. ಷೇಕ್ಸ್‌ಪಿಯರನ ಹಾಸ್ಯನಾಟಕವೊಂದನ್ನು 1871ರಲ್ಲಿ ಕನ್ನಡಕ್ಕೆ ತಂದವರೂ ಅವರೇ. ಇಂಗ್ಲೀಷ್ ಶಾಲೆಯ ಅಧ್ಯಾಪಕನಿಗೆ ಇಂಥ ಪ್ರಶಿಕ್ಷಣವು ಅವಶ್ಯವೆಂದು ಸರಕಾರಕ್ಕೆ ಬಹು ಕಾಲ ತೋರಲಿಲ್ಲ. ಇಂಗ್ಲೀಷ್ ಬಲ್ಲವನು ಇಂಗ್ಲೀಷ್ ಕಲಿಸಬಲ್ಲನೆಂಬುದೇ ಅಂದಿನ ನಂಬಿಕೆ. ಮಾಧ್ಯಮಿಕ ಶಾಲೆಯ ಶಿಕ್ಷಕರಿಗಾಗಿ ಮುಂಬಯಿಯಲ್ಲಿ ಸೆಕೆಂಡರಿ ಟ್ರೇನಿಂಗ್ ಕಾಲೇಜು ತೆರೆದದ್ದು 1906ರಲ್ಲಿ. ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1916ರಲ್ಲಿ ತನ್ನ ಆಂಗ್ಲೋ-ವರ್ನಾಕ್ಯುಲರ್ ಶಾಲೆಯನ್ನು ಆರಂಭಿಸಿದಾಗ ಅದನ್ನು ಹೊತ್ತವರು ತರುಣ ಪದವೀಧರರೇ. ಅಂದಿನ ಪದವೀಧರನ ಇಂಗ್ಲೀಷು ಗಟ್ಟಿಯಾದುದು. ಏಕೆಂದರೆ ಅವನು ಗಣಿತವನ್ನೂ ಭೂಗೋಲವನ್ನೂ ಇತಿಹಾಸವನ್ನೂ ಆ ಭಾಷೆಯಲ್ಲಿಯೇ ಓದಿ ಬಂದಿದ್ದನು. ಪ್ರಶಿಕ್ಷಣದ ಶಾಲೆಯು ಅವನಿಗೆ ಭಾಷೆಯನ್ನು ಕಲಿಸುವ ಗೋಜಿಗೆ ಹೋಗದಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಆ ಕಾಲದ ಬೋಧನಾ ತತ್ತ್ವವು ನೇರ ಪದ್ಧತಿ. ಅಂದರೆ ಮಾತೃಭಾಷೆಯ ಮಧ್ಯಸ್ಥಿಕೆಯಿಲ್ಲದೆ ವಸ್ತುವನ್ನು ತೋರಿಸಿ, ಕ್ರಿಯೆಯನ್ನು ಮಾಡಿ ಇಂಗ್ಲೀಷನ್ನು ಇಂಗ್ಲೀಷಿನಿಂದಲೇ ಕಲಿಸುವದು. ಮುಂಬಯಿ ಇಲಾಖೆಯ ವಿದ್ಯಾಖಾತೆಯಲ್ಲಿದ್ದ ಪಿ. ಸಿ. ರೆನ್ ಎಂಬವರು ಇದನ್ನು ಭಾರತೀಯ ಶಾಲೆಗಳಿಗೆ ಹೊಂದಿಸಿ ಪುಸ್ತಕವೊಂದನ್ನು ಬರೆದರು. ಇಂದು ಆ ಪುಸ್ತಕವನ್ನು ಕೇಳುವವರಿಲ್ಲ. ರೆನ್ ಮತ್ತು ಮಾರ್ಟಿನ್ ಎಂಬ ವ್ಯಾಕರಣವನ್ನಾದರೋ ಗೋಕಾಕದ ಪುಸ್ತಕದ ಅಂಗಡಿಯವನೂ ಬಲ್ಲ. ವ್ಯಾಕರಣವನ್ನು ಬಾಯಿಪಾಠ ಮಾಡಿಸಬೇಡಿರೆಂದವರ ಹೆಸರು ವ್ಯಾಕರಣದ ಬೆನ್ನಿನ ಮೇಲೆಯೇ ಉಳಿದುದು ವಿಧಿಯ ವಿನೋದವೆನ್ನಬೇಕು.

ಗಂಟು ಬಿದ್ದುದು ಸ್ವಾತಂತ್ರ್ಯದ ತರುವಾಯ. ಬಿ. ಜಿ. ಖೇರರ ಮುಂಬಯಿ ಸರಕಾರವು 1948ರಲ್ಲಿ ಐದು, ಆರು, ಏಳನೆಯ ಇಯತ್ತೆಗಳಿಂದ ಇಂಗ್ಲೀಷನ್ನು ತೆಗೆದು ಎಂಟನೆಯ ಇಯತ್ತೆಯಿಂದ ಆರಂಭಿಸಬೇಕೆಂದು ಗೊತ್ತುಮಾಡಿತು. ಮಾತೃಭಾಷೆಗೆ ಅದರ ಸ್ಥಾನವನ್ನು ಮರಳಿ ಕೊಟ್ಟ ಈ ನಿರ್ಧಾರವನ್ನು ನಾವು ನಿಂದಿಸುವದಿಲ್ಲ. ಆದರೆ ಅದರ ಫಲವಾಗಿ ನಮ್ಮ ಜಿಲ್ಲೆಯ ಒಂದು ತಲೆಮಾರಿನ ಮಕ್ಕಳು ನಾಲ್ಕೇ ವರ್ಷ ಇಂಗ್ಲೀಷ್ ಓದಿ ಶಾಲೆಯನ್ನು ಮುಗಿಸಿದರು. ಅವರಲ್ಲಿಯೇ ಕೆಲವರು ಅರವತ್ತರ ದಶಕದ ಹೊತ್ತಿಗೆ ಇಂಗ್ಲೀಷ್ ಅಧ್ಯಾಪಕರೂ ಆದರು. 1956ರಲ್ಲಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿತು. ಪ್ರಶಿಕ್ಷಣದ ಪದವಿಯ ಬಿ.ಟಿ. ಎಂಬ ಹೆಸರು ಹೋಗಿ ಬಿ.ಎಡ್. ಎಂಬುದು ರೂಢಿಗೆ ಬಂದಿತು. ಆದರೆ ಅದರ ತಳದಲ್ಲಿದ್ದ ನಂಬಿಕೆ ಬದಲಾಗಲಿಲ್ಲ. ಇಂಗ್ಲೀಷ್ ಮಾಧ್ಯಮದಲ್ಲಿ ಬೆಳೆದ 1906ರ ಪದವೀಧರನಿಗೆ ಹೊಲಿದ ಅಂಗಿಯನ್ನು ಕನ್ನಡ ಮಾಧ್ಯಮದಲ್ಲಿ ಬೆಳೆದವನಿಗೆ ಅಳತೆ ನೋಡದೆ ತೊಡಿಸಿದಂತಾಯಿತು.

ಈ ಕೊರತೆಯನ್ನು ಕಂಡವರು ಇರಲಿಲ್ಲವೆಂದಲ್ಲ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲೀಷ್ ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲೀಷ್ ಸಂಸ್ಥೆಯೂ ಸ್ಥಾಪನೆಗೊಂಡವು. ಹೈದರಾಬಾದಿನ ಸಂಸ್ಥೆಯನ್ನು ಆರಂಭದ ವರ್ಷಗಳಲ್ಲಿ ನಡೆಸಿದವರು ಸವಣೂರಿನಲ್ಲಿ ಹುಟ್ಟಿದ, ಆದರೆ ಗೋಕಾಕವೆಂಬ ಮನೆತನದ ಹೆಸರನ್ನು ಹೊತ್ತ ವಿನಾಯಕ ಕೃಷ್ಣ ಗೋಕಾಕರು. ಇವರ ಅಧ್ಯಕ್ಷತೆಯ ಸಮಿತಿಯೇ 1981ರಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನವಿರಬೇಕೆಂದು ವರದಿ ಕೊಟ್ಟಿತು. ಇಂಗ್ಲೀಷ್ ಅಧ್ಯಾಪಕರನ್ನು ತಿದ್ದಿದವರೇ ಕನ್ನಡದ ಪರವಾಗಿ ನಿಂತುದರಲ್ಲಿ ವಿರೋಧವನ್ನು ಕಾಣುವವರುಂಟು. ನಮಗೆ ಹಾಗೆ ತೋರುವದಿಲ್ಲ. ಎರಡನೆಯ ಭಾಷೆಯನ್ನು ಎರಡನೆಯದೆಂದು ಒಪ್ಪಿಕೊಂಡಾಗಲೇ ಅದನ್ನು ಕಲಿಸುವ ಶಾಸ್ತ್ರವು ಬೇಕಾಗುವದು.

ಈ ಸಂಸ್ಥೆಗಳ ವೈಶಿಷ್ಟ್ಯವೇನೆಂದರೆ, ಅವು ಅಧ್ಯಾಪಕನಿಗೆ ವಿಧಾನದ ಜೊತೆಗೆ ಧ್ವನಿಶಾಸ್ತ್ರವನ್ನೂ ಉಚ್ಚಾರವನ್ನೂ ವಾಕ್ಯರಚನೆಯನ್ನೂ ಹೇಳಿದವು. ಅಂದರೆ ಭಾಷೆಯನ್ನು ಅವನಿಗೆ ಹೊಸದಾಗಿ ಕಲಿಸಿದವು. ಆದರೆ ಇಲ್ಲಿಗೆ ಹೋಗುವವನು ಆಗಲೇ ನೌಕರಿಯಲ್ಲಿದ್ದ ಶಿಕ್ಷಕ; ಅದೂ ನಾಲ್ಕು ರಾಜ್ಯಗಳಿಂದ ಆರಿಸಿ ಬಂದ ಕೆಲವರಲ್ಲೊಬ್ಬ. ಹುಕ್ಕೇರಿಯಿಂದ ಬೆಂಗಳೂರು ಸುಮಾರು ಐನೂರು ಕಿಲೋಮೀಟರುಗಳ ದಾರಿ. ಔಷಧವು ಇತ್ತು, ರೋಗಿಯ ಹತ್ತಿರ ಇರಲಿಲ್ಲ.

ಭಾಷೆಯನ್ನು ಹೊಸದಾಗಿ ಕಲಿಸುವದೆಂದರೇನೆಂಬುದನ್ನು ಈ ಸೀಮೆಯ ಉದಾಹರಣೆಗಳಿಂದಲೇ ತೋರಿಸಬಹುದು. ‘ಇವರು ನಮ್ಮ ಮಾಸ್ತರರು’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ಆದುದರಿಂದ ಕನ್ನಡದ ಮಗುವು ಇಂಗ್ಲೀಷಿನಲ್ಲಿ ‘ಈಸ್’ ಎಂಬುದನ್ನು ಬಿಡುವದು ಸಹಜ. ಅದೇ ಬೆಂಚಿನ ಮೇಲೆ ಕುಳಿತ ಮರಾಠಿ ಮನೆಯ ಮಗುವು ಅಷ್ಟು ಸುಲಭವಾಗಿ ಬಿಡಲಾರದು. ಏಕೆಂದರೆ ಅದರ ಭಾಷೆಯಲ್ಲಿ ಅಲ್ಲಿ ‘ಆಹೇತ’ ಎಂಬುದು ಬರಲೇಬೇಕು. ಉರ್ದುವಿನ ಮಗುವಿಗೆ ‘ಹೈ’ ಉಂಟು. ಪ್ರತಿಯಾಗಿ, ಮರಾಠಿ ಉರ್ದುಗಳಲ್ಲಿ ಕುರ್ಚಿಗೂ ಬಾಗಿಲಿಗೂ ಲಿಂಗವುಂಟಾದುದರಿಂದ ಆ ಮಕ್ಕಳು ನಿರ್ಜೀವ ವಸ್ತುವನ್ನು ‘ಹೀ’, ‘ಶೀ’ ಎಂದು ಕರೆಯಬಹುದು. ಕನ್ನಡದ ಮಗುವಿಗೆ ಆ ತೊಡಕಿಲ್ಲ. ‘ನನಗ ಹಸಿವಾಗೇದ’ ಎನ್ನುವಲ್ಲಿ ಹಸಿದವನು ಚತುರ್ಥಿಯಲ್ಲಿರುವನು, ಇಂಗ್ಲೀಷಿನಲ್ಲಿ ಅವನೇ ಕರ್ತೃ. ಮೂರು ಮಕ್ಕಳ ಮೂರು ತಪ್ಪುಗಳಿಗೆ ಮೂರು ಕಾರಣಗಳಿರುವಾಗ ಒಂದೇ ವ್ಯಾಕರಣದ ನಿಯಮವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಯಾರಿಗೆ ಮುಟ್ಟಬೇಕು?

ಉಚ್ಚಾರದ ಮಾತೂ ಹೀಗೆಯೇ. ‘ಎಗ್’ ಎಂಬುದು ‘ಯೆಗ್’ ಆಗುವದು, ‘ಓನ್ಲಿ’ ಎಂಬುದು ‘ವೋನ್ಲಿ’ ಆಗುವದು, ‘ಬಸ್’ ಎಂಬುದು ‘ಬಸ್ಸು’ ಆಗುವದು ಕನ್ನಡದ ಸ್ವಭಾವದಿಂದ, ಹುಡುಗನ ಮೈಗಳ್ಳತನದಿಂದಲ್ಲ. ಇಂಗ್ಲೀಷಿನಲ್ಲಿ ತುಟಿಯನ್ನು ದುಂಡಾಗಿಸಿ ಆಡುವ ವಕಾರ, ಹಲ್ಲಿಗೆ ತುಟಿ ತಾಗಿಸಿ ಆಡುವ ವಕಾರ ಎಂದು ಎರಡಿವೆ. ನಮಗೆ ಒಂದೇ ಇರುವದು. ಆದರೆ ಬೆಳಗಾವಿಯ ಕಡೆಯ ಆಡುಮಾತಿನಲ್ಲಿ ಮರಾಠಿಯ ಸಂಪರ್ಕದಿಂದ ದಂತ್ಯ ಚಕಾರ, ಜಕಾರಗಳೂ ಕೇಳಬರುವವು. ಈ ದಂತ್ಯ ಜಕಾರವು ‘ಝೂ’, ‘ಝೀರೋ’ ಎಂಬ ಮಾತುಗಳ ಮೊದಲ ಧ್ವನಿಗೆ ಬಹು ಹತ್ತಿರದ್ದು. ನಾಡಿನ ಬೇರೆ ಕಡೆಯ ಮಕ್ಕಳಿಗೆ ಕಷ್ಟಪಟ್ಟು ಕಲಿಸಬೇಕಾದುದು ಗೋಕಾಕದ ಮಗುವಿನ ಬಾಯಲ್ಲಿ ಆಗಲೇ ಇರಬಹುದು. ಅಧ್ಯಾಪಕನಿಗೆ ಅದು ಗೊತ್ತಿದ್ದರೆ ಆ ಬಂಡವಾಳದಿಂದಲೇ ಪಾಠವನ್ನು ಆರಂಭಿಸಬಹುದು. ಗ್ರಾಮ್ಯವೆಂದು ಅಣಕಿಸಲ್ಪಟ್ಟ ಮಾತು ಇಂಗ್ಲೀಷ್ ತಾಸಿನಲ್ಲಿ ಉಪಯೋಗಕ್ಕೆ ಬರುವದೆಂಬುದನ್ನು ಯಾವ ಪಾಠಯೋಜನೆಯ ವಹಿಯಲ್ಲಿಯೂ ನಾವು ಕಂಡಿಲ್ಲ.

ಇನ್ನು ಇಂದಿನ ಬಿ.ಎಡ್. ಅಭ್ಯಾಸಕ್ರಮ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ 2015ರಿಂದ ಇದು ಒಂದು ವರ್ಷದ್ದು ಹೋಗಿ ಎರಡು ವರ್ಷದ್ದಾಯಿತು. ಶಾಲೆಗಳಲ್ಲಿ ಕಳೆಯಬೇಕಾದ ಅವಧಿಯು ಒಟ್ಟು 20 ವಾರ. ಮೊದಲ ವರ್ಷ 4, ಎರಡನೆಯ ವರ್ಷ 16. ಇದಕ್ಕೆ ಮುಂಚೆ ಸೂಕ್ಷ್ಮ ಬೋಧನೆಯೆಂಬ ಅಭ್ಯಾಸವುಂಟು. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1963ರ ಸುಮಾರಿಗೆ ಹುಟ್ಟಿದ ಈ ಪದ್ಧತಿಯಲ್ಲಿ ಪ್ರಶಿಕ್ಷಣಾರ್ಥಿಯು ಸಹಪಾಠಿಗಳನ್ನೇ ಮಕ್ಕಳೆಂದು ಭಾವಿಸಿ ಐದಾರು ನಿಮಿಷಗಳಲ್ಲಿ ಪ್ರಸ್ತಾವನೆ, ಪ್ರಶ್ನೆ ಕೇಳುವದು, ಕಪ್ಪು ಹಲಗೆಯ ಬರವಣಿಗೆ ಮುಂತಾದ ಕೌಶಲಗಳನ್ನು ಬಿಡಿಬಿಡಿಯಾಗಿ ಸಾಧಿಸುವನು. ಒಳ್ಳೆಯ ಅಭ್ಯಾಸವೇ. ಆದರೆ ಪ್ರಶ್ನೆಯ ಕೌಶಲಕ್ಕೆ ಅಂಕವುಂಟು, ಪ್ರಶ್ನೆಯ ಭಾಷೆಗೆ ಅಂಕವು ಅತ್ಯಲ್ಪ. ಪಾಠಯೋಜನೆಯಲ್ಲಿ ಬರೆದುಕೊಂಡ ಪ್ರಶ್ನೆಗಳು ಮುಗಿದು, ಮಗುವೊಂದು ಯೋಜನೆಯಲ್ಲಿಲ್ಲದ ಉತ್ತರವನ್ನು ಕೊಟ್ಟಿತೆಂದರೆ ಹೊಸ ಅಧ್ಯಾಪಕನು ತಟ್ಟನೆ ಕನ್ನಡಕ್ಕೆ ಹೊರಳುವನು. ಹೊರಳಿದ ಕೂಡಲೆ ಹಿಂದೆ ಕುಳಿತ ಮೇಲ್ವಿಚಾರಕರ ಕಡೆಗೆ ಅಂಜುತ್ತ ನೋಡುವನು.

ಈ ಅಂಜಿಕೆಯು ನೇರ ಪದ್ಧತಿಯ ಉಳಿಕೆ. ಕನ್ನಡವನ್ನು ಆಡಬಾರದೆಂಬ ಅಲಿಖಿತ ನಿಷೇಧವು ಪ್ರಶಿಕ್ಷಣದಲ್ಲಿ ಇಂದಿಗೂ ಇರುವದು. ಶಾಲೆಯಲ್ಲಿ ಆ ನಿಷೇಧವನ್ನು ಪಾಲಿಸುವದು ಆಗದ ಮಾತು. ಪರಿಣಾಮವಾಗಿ, ಕನ್ನಡವನ್ನು ಯಾವಾಗ, ಎಷ್ಟು, ಏತಕ್ಕಾಗಿ ಬಳಸಬೇಕೆಂಬುದನ್ನು ಯಾರೂ ಕಲಿಸುವದಿಲ್ಲ. ಅಧ್ಯಾಪಕನು ಪಾಠವನ್ನೆಲ್ಲ ಶಬ್ದಕ್ಕೆ ಶಬ್ದವಾಗಿ ಕನ್ನಡದಲ್ಲಿ ಹೇಳಿ ಪ್ರಶ್ನೋತ್ತರಗಳನ್ನು ಬರೆಯಿಸಿ ಮುಗಿಸುವನು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪತ್ತೆಂದು ಹೇಳಿತು. ಅದಕ್ಕೂ ಮುಂಚೆ, 1979ರಿಂದ 1984ರವರೆಗೆ, ಎನ್. ಎಸ್. ಪ್ರಭು ಅವರು ಬೆಂಗಳೂರು ಯೋಜನೆಯೆಂದು ಪ್ರಸಿದ್ಧವಾದ ಪ್ರಯೋಗದಲ್ಲಿ ವ್ಯಾಕರಣವನ್ನು ಬದಿಗಿಟ್ಟು ರೈಲು ವೇಳಾಪಟ್ಟಿ, ನಕಾಶೆಗಳಂಥ ಸಮಸ್ಯೆಗಳನ್ನು ಮಕ್ಕಳ ಮುಂದಿಟ್ಟು ಭಾಷೆಯನ್ನು ಕಲಿಸಬಹುದೆಂದು ತೋರಿಸಿದರು. ಅದರ ಕೀರ್ತಿ ಜಗತ್ತಿನ ಭಾಷಾಬೋಧಕರಲ್ಲೆಲ್ಲ ಹಬ್ಬಿತು. ನಮ್ಮ ಬಿ.ಎಡ್. ವಿದ್ಯಾರ್ಥಿಗೆ ಅದು ಪರೀಕ್ಷೆಯಲ್ಲಿ ಬರುವ ಒಂದು ಟಿಪ್ಪಣಿ.

ಈಚಿನ ನಿರ್ಧಾರಗಳು ಅಧ್ಯಾಪಕನ ಹೊರೆಯನ್ನು ಹೆಚ್ಚಿಸಿವೆ. 2007ರಿಂದ ಇಂಗ್ಲೀಷು ಒಂದನೆಯ ಇಯತ್ತೆಯಿಂದಲೇ ವಿಷಯವಾಗಿರುವದು. 2019ರಲ್ಲಿ ರಾಜ್ಯದ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲೀಷ್ ಮಾಧ್ಯಮದ ವಿಭಾಗಗಳು ತೆರೆದವು. ಎಂಟನೆಯ ಇಯತ್ತೆಗೆ ಬರುವ ಮಗುವು ಕಾಗದದ ಮೇಲೆ ಏಳು ವರ್ಷ ಇಂಗ್ಲೀಷ್ ಓದಿರುವದು. ಏಳು ವರ್ಷ ಓದಿಯೂ ಒಂದು ವಾಕ್ಯವನ್ನು ತಾನಾಗಿ ಆಡಲಾರದ ಮಗುವಿಗೆ ಕಲಿಸುವದು, ಏನೂ ಓದದ ಮಗುವಿಗೆ ಕಲಿಸುವದಕ್ಕಿಂತ ಕಷ್ಟತರವಾದುದು. ಅಂಥ ಮಗುವಿಗೆ ಭಾಷೆಗಿಂತ ಮೊದಲು ಅಂಜಿಕೆ ಬಂದಿರುತ್ತದೆ.

ಹೊಸ ಸಂಸ್ಥೆಗಳನ್ನು ಕಟ್ಟುವ ಮಾತನ್ನು ನಾವು ಆಡುವದಿಲ್ಲ. ಆ 16 ವಾರಗಳು ಈಗಾಗಲೇ ಕೈಯಲ್ಲಿವೆ. ಪ್ರಶಿಕ್ಷಣಾರ್ಥಿಯು ಆ ಅವಧಿಯಲ್ಲಿ ಒಂದೇ ಶಾಲೆಯಲ್ಲಿದ್ದು, ತನ್ನ ತರಗತಿಯ ಮಕ್ಕಳ ತಪ್ಪುಗಳನ್ನು ಮನೆಮಾತಿನಂತೆ ವಿಂಗಡಿಸಿ ಬರೆದಿಡಬಹುದು; ವಾರಕ್ಕೆರಡು ತಾಸು ತನ್ನ ಮಾತನ್ನೇ ಧ್ವನಿಮುದ್ರಿಸಿಕೊಂಡು ಅನುಭವಸ್ಥ ಅಧ್ಯಾಪಕರ ಮುಂದೆ ಕೇಳಿಸಬಹುದು. ಅದಕ್ಕೆ ಬೇಕಾದ ಯಂತ್ರವು ಪ್ರತಿಯೊಬ್ಬರ ಕಿಸೆಯಲ್ಲಿರುವದು. ಮೊಬೈಲನ್ನು ತರಗತಿಯಿಂದ ಹೊರಗಿಡಿಸುವದರಲ್ಲಿಯೇ ನಮ್ಮ ಶ್ರಮವು ವ್ಯಯವಾಗುತ್ತಿರುವಾಗ ಇದು ವಿಚಿತ್ರವಾಗಿ ಕೇಳಿಸಬಹುದು. ಇತಿಹಾಸ ಮತ್ತು ಇಂಗ್ಲೀಷ್ ಎರಡನ್ನೂ ಆಯ್ದುಕೊಂಡವನಿಗೆ ಇನ್ನೊಂದು ಅನುಕೂಲವುಂಟು. ಮುಂಜಾನೆ ಕನ್ನಡದಲ್ಲಿ ಹೇಳಿದ ಪಾಠದ ನಕಾಶೆಯನ್ನೇ ಮಧ್ಯಾಹ್ನದ ಇಂಗ್ಲೀಷ್ ತಾಸಿಗೆ ಒಯ್ಯಬಹುದು. ಘಟಪ್ರಭೆ ಎಲ್ಲಿ ಹುಟ್ಟುವದು, ಹಿಡಕಲ್ ಅಣೆಕಟ್ಟು ಯಾವ ತಾಲೂಕಿನಲ್ಲಿರುವದು, ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿ ಯಾವದು ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಅರ್ಥವು ಗೊತ್ತಿದ್ದ ಮೇಲೆ ಅವರು ಹುಡುಕಬೇಕಾದುದು ಮಾತನ್ನು ಮಾತ್ರ. ಆ ಹುಡುಕಾಟದಲ್ಲಿ ಅಧ್ಯಾಪಕನೂ ಅವರೊಡನೆ ಒಂದೆರಡು ಸಲ ತಡವರಿಸಿದರೆ ಪಾಠಕ್ಕೆ ಹಾನಿಯೇನೂ ಆಗದು.