ಜಗನ್ಮೋಹನ ಅರಮನೆಗೆ ಮಲೆನಾಡಿನ ಮಕ್ಕಳು

ನರಸಿಂಹರಾಜಪುರ ಹಿಂದೆ ಎಡೇಹಳ್ಳಿಯಾಗಿತ್ತು. ಈಗಿನ ಹೆಸರು ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರಿಂದ ಬಂದದ್ದು. ಅವರ ಮಗ ಜಯಚಾಮರಾಜೇಂದ್ರ ಒಡೆಯರ ಹೆಸರು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗಿದೆ. ಅಪ್ಪನ ಹೆಸರಿನ ಊರಿಂದ ಮಗನ ಹೆಸರಿನ ಚಿತ್ರಶಾಲೆಗೆ ಹೋಗಲು ಚಿಕ್ಕಮಗಳೂರು, ಹಾಸನ ದಾಟಬೇಕು. ಕೊಪ್ಪ, ಶೃಂಗೇರಿಯವರಿಗೂ ದಾರಿ ದೂರದ್ದೇ. ಆದರೂ ನಮ್ಮ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಹೋಗುವ ಮನೆಗಳು ಕಡಿಮೆಯಿಲ್ಲ. ಮೃಗಾಲಯ, ಚಾಮುಂಡಿ ಬೆಟ್ಟ, ದೊಡ್ಡ ಅರಮನೆ, ಸಂಜೆಗೆ ಬೃಂದಾವನ. ಜಗನ್ಮೋಹನದ ಸರದಿ ಬರುವುದು ಹೊತ್ತು ಉಳಿದರೆ ಮಾತ್ರ, ಆ ಹೊತ್ತಿಗೆ ಮಕ್ಕಳ ಕಾಲು ಸೋತಿರುತ್ತದೆ. ಅದನ್ನು ಬೆಳಗಿನ ಮೊದಲ ಕೆಲಸ ಮಾಡಿಕೊಳ್ಳಿ ಎಂಬುದು ನನ್ನ ಒತ್ತಾಯ. ನಮ್ಮ ಮಕ್ಕಳು ಅಲ್ಲಿಗೆ ಬರಿಗೈಯಲ್ಲಿ ಹೋಗುವವರಲ್ಲ.

ಕಟ್ಟಡಕ್ಕೇ ಒಂದು ಕಥೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಸಿಕ್ಕಿದಾಗ ರಾಜಮನೆತನ ಇಲ್ಲಿ ಬಂದು ನೆಲೆಸಿತು. ನಾಲ್ವಡಿಯವರು 1902ರಲ್ಲಿ ಅಧಿಕಾರ ವಹಿಸಿಕೊಂಡದ್ದೂ ಇಲ್ಲಿಯೇ. 1915ರಿಂದ ಇದು ಚಿತ್ರಶಾಲೆ.

ಹೋಗುವ ಮೊದಲು ಮನೆಯಲ್ಲಿ ಸ್ವಲ್ಪ ತಯಾರಿ ಬೇಕು. ಪುಸ್ತಕ ಓದಿಸುವುದು ಬೇಡ. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಒಂದು ಸುತ್ತು ಹಾಕಿಸಿದರೆ ಸಾಕು. ಹದಿನಾಲ್ಕನೆಯ ಶತಮಾನದ ಆ ಗುಡಿಯ ಕಂಬದ ಸಿಂಹಗಳ ಬಾಯಲ್ಲಿ ಉರುಳುವ ಕಲ್ಲಿನ ಗುಂಡುಗಳಿವೆ. ಅದು ಹೊರಗೆ ಏಕೆ ಬರುವುದಿಲ್ಲ, ಒಳಗೆ ಹೇಗೆ ಹೋಯಿತು ಎಂದು ಕೇಳದ ಮಗುವಿಲ್ಲ. ಹೊರಗಿಂದ ತುರುಕಿದ್ದಲ್ಲ, ಒಳಗೇ ಕಡೆದದ್ದು ಎಂದು ಹೊಳೆದಾಗ ಆ ಮಗು ಶಿಲ್ಪಿಯ ಕೈಯನ್ನು ಕಂಡಂತೆ. ಹನ್ನೆರಡು ರಾಶಿಕಂಬಗಳ ನಡುವೆ ನಿಂತು ಬಿಸಿಲು ಯಾವ ಕಂಬದ ಮೇಲಿದೆ ಎಂದು ಹುಡುಕುವುದೂ, ತುಂಗೆಯ ದಂಡೆಯಲ್ಲಿ ಹಾವು ಹೆಡೆಯೆತ್ತಿ ಕಪ್ಪೆಗೆ ನೆರಳು ಕೊಟ್ಟ ಶಿಲ್ಪದೆದುರು ಕುಕ್ಕರುಗಾಲಲ್ಲಿ ಕೂರುವುದೂ ಚಿತ್ರ ನೋಡುವ ಪಾಠವೇ.

ಇನ್ನೊಂದು ತಯಾರಿ ದೇವರ ಕೋಣೆಯಲ್ಲಿದೆ. ನಾವು ಲಕ್ಷ್ಮಿ, ಸರಸ್ವತಿಯರನ್ನು ಮನಸ್ಸಿಗೆ ತಂದುಕೊಳ್ಳುವ ರೂಪದಲ್ಲಿ ರಾಜಾ ರವಿವರ್ಮರ ಪಾಲು ದೊಡ್ಡದು. 1894ರಲ್ಲಿ ಅವರು ಮುಂಬೈಯಲ್ಲಿ ಮುದ್ರಣಾಲಯ ಹಾಕಿದ ಮೇಲೆ ದೇವರ ಪಟಗಳು ಸಾಮಾನ್ಯರ ಮನೆಗಳ ಗೋಡೆ ಹತ್ತಿದವು. ಆ ಪಟದ ಕೈಯೇ ತೈಲವರ್ಣದಲ್ಲಿ, ಕ್ಯಾನ್ವಾಸಿನ ಮೇಲೆ ಹೇಗೆ ಕಾಣುತ್ತದೆಂದು ನೋಡಲು ಹೋಗುತ್ತಿದ್ದೇವೆ ಎಂದು ಮಗುವಿಗೆ ಹೇಳಿ.

ಚಿತ್ರಶಾಲೆಯೊಳಗೆ ನಾಲ್ಕೇ ಚಿತ್ರಗಳನ್ನು ಆರಿಸಿಕೊಳ್ಳಿ. ಎಲ್ಲವನ್ನೂ ನೋಡಿಸುವ ಆಸೆ ದೊಡ್ಡವರದು, ಮಕ್ಕಳದಲ್ಲ.

ಮೊದಲು ‘ಶ್ರೀಕೃಷ್ಣ ಸಂಧಾನ’. 1904ರಲ್ಲಿ ನಾಲ್ವಡಿಯವರು ರವಿವರ್ಮರಿಗೆ ಒಂಬತ್ತು ಚಿತ್ರಗಳನ್ನು ಬರೆದುಕೊಡಲು ಹೇಳಿದ್ದರು. 1906ರಲ್ಲಿ ತೀರಿಕೊಳ್ಳುವ ಮುನ್ನ ಕಲಾವಿದರು ಕೈಯಿಟ್ಟ ಕೊನೆಯ ದೊಡ್ಡ ಕೆಲಸಗಳಲ್ಲಿ ಅದೊಂದು. ಕೊಪ್ಪ, ಶೃಂಗೇರಿ ಸೀಮೆಯ ಮಗುವಿಗೆ ಈ ಪ್ರಸಂಗ ಗೊತ್ತು. ಜಗಲಿಯ ತಾಳಮದ್ದಳೆಯಲ್ಲಿ ಕೃಷ್ಣನ ಮಾತಿಗೆ ಕೌರವನ ಉತ್ತರ, ಅದಕ್ಕೆ ಕೃಷ್ಣನ ಮರುಮಾತು, ಹೀಗೆ ನಡುರಾತ್ರಿಯವರೆಗೂ ಕೇಳಿ ಅಜ್ಜಯ್ಯನ ತೊಡೆಯ ಮೇಲೆ ನಿದ್ದೆ ಹೋದ ಮಗು ಅದು. ಅಲ್ಲಿ ಬರೀ ಮಾತು, ವೇಷವಿಲ್ಲ. ಇಲ್ಲಿ ಎಲ್ಲರಿಗೂ ವೇಷವಿದೆ, ಮಾತಿಲ್ಲ. ರವಿವರ್ಮರು ಹಿಡಿದದ್ದು ಸಭೆ ಕೆರಳಿದ ಗಳಿಗೆ: ಸಿಟ್ಟಿಗೆದ್ದ ಸಾತ್ಯಕಿಯನ್ನು ಕೃಷ್ಣ ತಡೆಯುತ್ತಾನೆ. ಇಡೀ ಪ್ರಸಂಗದಲ್ಲಿ ಇದೊಂದನ್ನೇ ಏಕೆ ಆರಿಸಿಕೊಂಡರು, ನೀನಾಗಿದ್ದರೆ ಯಾವುದನ್ನು ಬರೆಯುತ್ತಿದ್ದೆ ಎಂದು ಕೇಳಿ ನೋಡಿ. ಭಾಗವತರ ಪದ್ಯ ಕೇಳಿ ಬೆಳೆದ ಮಕ್ಕಳು ಇದಕ್ಕೆ ಕೊಡುವ ಉತ್ತರ ಯಾವ ಫಲಕದಲ್ಲೂ ಸಿಗುವುದಿಲ್ಲ.

ಕಡಲ ಗರ್ವ ಮುರಿಯಲು ರಾಮ ಬಿಲ್ಲೆತ್ತಿ ನಿಂತ ಚಿತ್ರವೂ ಇದೇ ಸಾಲಿನದು. ಬಂಡೆಯ ಮೇಲೆ ರಾಮ, ಕೆಳಗೆ ಉಕ್ಕುವ ನೀರು, ಮೇಲೆ ಮಿಂಚು. ಆಷಾಢದ ಮಳೆಯಲ್ಲಿ ಕೆಂಪಾಗಿ ನುಗ್ಗುವ ತುಂಗೆಯನ್ನು, ಭದ್ರೆಯನ್ನು ಕಂಡ ಮಕ್ಕಳಿಗೆ ಆ ನೀರಿನ ರಭಸ ಹೇಳಿಕೊಡಬೇಕಿಲ್ಲ. ಬೆಳಕು ಎಲ್ಲಿಂದ ಬರುತ್ತಿದೆ ಎಂದಷ್ಟೇ ಕೇಳಿ ಮುಂದೆ ನಡೆಯಿರಿ.

ಏಕೆಂದರೆ ಬೆಳಕಿಗಾಗಿಯೇ ಹೆಚ್ಚು ಹೊತ್ತು ನಿಲ್ಲಬೇಕಾದ ಚಿತ್ರ ಬೇರೆ ಇದೆ. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಜ್ವಾಲೆಗೆ ಮರೆಮಾಡಿ ನಿಂತ ಹೆಣ್ಣುಮಗಳ ಚಿತ್ರ. ಇದನ್ನೂ ರವಿವರ್ಮರದೆಂದು ಹೇಳುವವರು ಬಹಳ, ಮಕ್ಕಳಿಗೆ ಆ ತಪ್ಪು ದಾಟಿಸಬೇಡಿ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಳದಣಕರ್. ಚಿತ್ರದಲ್ಲಿರುವುದು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ, 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ದೀಪದ ಬೆಳಕು ಬೆರಳ ಸಂದಿಯಲ್ಲಿ ಕೆಂಪಾಗಿ ಸೋಸಿ ಮುಖಕ್ಕೆ, ಸೀರೆಗೆ ಹರಡುತ್ತದೆ. ಇದು ಜಲವರ್ಣ ಎಂಬುದನ್ನು ಮರೆಯದೆ ಹೇಳಿ. ತೈಲವರ್ಣದಲ್ಲಿ ಒಂದರ ಮೇಲೊಂದು ಬಣ್ಣ ಬಳಿದು ತಿದ್ದಬಹುದು. ಜಲವರ್ಣದಲ್ಲಿ ಬೆಳಕೆಂದರೆ ಬಹುಮಟ್ಟಿಗೆ ಕಾಗದದ ಬಿಳಿಯೇ, ಎಲ್ಲಿ ಬಣ್ಣ ಹಾಕಬಾರದೆಂದು ಮೊದಲೇ ತಿಳಿದಿರಬೇಕು. ಶಾಲೆಯ ಬಣ್ಣದ ಡಬ್ಬಿಯಲ್ಲಿ ಕೈಯಾಡಿಸಿ, ನೀರು ಹೆಚ್ಚಾಗಿ ಎಲ್ಲ ಕಲಸಿಹೋದದ್ದನ್ನು ಅನುಭವಿಸಿದ ಮಗುವಿಗೆ ಈ ಮಾತು ತಕ್ಷಣ ನಾಟುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಮತ್ತೆ ಬರುವುದು ಲೈನಿನ ಮೇಲೆ ಬಿದ್ದ ಮರ ತೆಗೆದ ಮೇಲೆಯೇ. ಅಂಥ ರಾತ್ರಿ ಅಡುಗೆಮನೆಯಿಂದ ಜಗಲಿಗೆ ದೀಪ ತರುವಾಗ ಗಾಳಿಗೆ ಕೈ ಅಡ್ಡ ಹಿಡಿಯದ ಅಮ್ಮಂದಿರಿಲ್ಲ. ಮೈಸೂರಿಗೆ ಹೊರಡುವ ಮೊದಲೇ ಒಂದು ರಾತ್ರಿ ಮನೆಯ ಲೈಟುಗಳನ್ನೆಲ್ಲ ಆರಿಸಿ ಮಗುವಿನ ಕೈಗೆ ಹಣತೆ ಕೊಡಿ. ಬೆರಳಂಚು ಕೆಂಪಾಗುವುದನ್ನು, ನೆರಳು ಗೋಡೆಯ ಮೇಲೆ ದೊಡ್ಡದಾಗುವುದನ್ನು ಅದೇ ಕಂಡುಕೊಳ್ಳಲಿ. ಹಳದಣಕರ್ ಏನನ್ನು ಸಾಧಿಸಿದರು ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಾಲ್ಕನೆಯದು ರವಿವರ್ಮರ ಗಾಯಕಿಯರ ಮೇಳ. ಬೇರೆ ಬೇರೆ ಪ್ರಾಂತ್ಯಗಳ ಉಡುಗೆಯ ಹನ್ನೊಂದು ಹೆಂಗಸರು, ಕೆಲವರ ಕೈಯಲ್ಲಿ ವಾದ್ಯ. ಎಣಿಸುವುದನ್ನು, ಸೀರೆ ಉಟ್ಟ ಬಗೆ ಗುರುತಿಸುವುದನ್ನು ಮಕ್ಕಳಿಗೇ ಬಿಡಿ. ಒಟ್ಟಿಗೆ ಕೂತಿದ್ದರೂ ಅವರ ನೋಟಗಳು ಒಂದೊಂದು ಕಡೆಗಿವೆ. ಈ ಚಿತ್ರದ ಬಗ್ಗೆ ವಿದ್ವಾಂಸರು ಬಹಳ ಬರೆದಿದ್ದಾರೆ, ಇವರೇಕೆ ನಗುತ್ತಿಲ್ಲ ಎಂದು ಕೇಳುವ ಮಗುವೂ ಅಲ್ಲಿಂದಲೇ ಶುರುಮಾಡುತ್ತದೆ. ಉತ್ತರ ಹುಡುಕಿ ಕೊಡುವ ಅವಸರ ಬೇಡ. ‘ಚೆನ್ನಾಗಿದೆಯಾ?’ ಎಂದು ಕೇಳುವುದಂತೂ ಬೇಡವೇ ಬೇಡ. ಮಗು ಹೂಂ ಎನ್ನುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಏನು ನಡೀತಿದೆ, ಯಾರು ಯಾರನ್ನು ನೋಡ್ತಿದ್ದಾರೆ ಎಂದು ಕೇಳಿದರೆ ಮಾತು ಬೆಳೆಯುತ್ತದೆ.

ಬೆಂಗಳೂರಿಗೆ ಹೋಗುವುದಿದ್ದರೆ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ಕಾಣಲು ಯತ್ನಿಸಿ. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಚಿತ್ರಶಾಲೆಯಿದೆ. ಬೆಳಗಿನ ಮಂಜಿನಲ್ಲಿ ಶಾಲೆಗೆ ನಡೆಯುವ ನಮ್ಮ ಮಕ್ಕಳಿಗೆ ಅವರ ಗುಡ್ಡಗಳು ನೆರೆಯವೇ.

ಜಗನ್ಮೋಹನದಲ್ಲಿ ಅಕ್ಕಿಕಾಳಿನ ಮೇಲೆ ಬರೆದ ಚಿತ್ರಗಳಿವೆ, ಭೂತಗನ್ನಡಿಯಲ್ಲಿ ನೋಡಬೇಕು. ಪುಟ್ಟ ಬೊಂಬೆ ಸೈನಿಕರ ಫ್ರಾನ್ಸಿನ ಗಡಿಯಾರವಿದೆ. ಗೋಡೆಯ ಮೇಲೆ ದಸರಾ ಮೆರವಣಿಗೆಯ ಉದ್ದದ ಚಿತ್ರವಿದೆ. ಮೊದಲೇ ಇವುಗಳ ಕಡೆ ಕರೆದೊಯ್ದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ನಾಲ್ಕು ಚಿತ್ರಗಳಾದ ಮೇಲೆ ಕೈ ಬಿಡಿ, ಅವರೇ ಓಡಲಿ.