ವೀಸಾ ಬಂತು, ಆದರೆ ಯಾವ ವೀಸಾ?



ವಿದೇಶಕ್ಕೆ ದುಡಿಯಲು ಹೋಗುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಗಲ್ಫಿನ ದುಡ್ಡಿನಿಂದ ಹಂಚಿನ ಮನೆ ತಾರಸಿಯಾದದ್ದು, ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ನಮ್ಮ ಕಣ್ಣೆದುರೇ ಇದೆ. ಹಾಗಾಗಿ ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಆದರೆ ಗುಂಪಿನ ಸಾಲದ ಅರ್ಜಿಯಲ್ಲಿ ‘ವೀಸಾ ಖರ್ಚಿಗೆ’ ಅಂತ ಬರೆದಿರುವಾಗ ಯಾವ ವೀಸಾ ಅಂತ ಕೇಳುವವರು ಕಡಿಮೆ. ಕೇಳಿದರೆ ‘ಅದೆಲ್ಲ ಏಜೆಂಟರಿಗೆ ಗೊತ್ತುಂಟು’ ಎಂಬ ಉತ್ತರ. ಏಜೆಂಟರಿಗೆ ಗೊತ್ತಿರುವುದು ನಿಜ. ನಮಗೂ ಗೊತ್ತಿರಬೇಕಲ್ಲ!

ವೀಸಾ ಅಂದರೆ ಒಂದು ದೇಶದೊಳಗೆ ಬರಲು ಆ ದೇಶ ಕೊಡುವ ಅನುಮತಿ. ಯಾವ ಉದ್ದೇಶಕ್ಕೆ, ಎಷ್ಟು ದಿನಕ್ಕೆ ಅಂತ ಅದರಲ್ಲೇ ಇರುತ್ತದೆ. ವಿಸಿಟ್ ವೀಸಾ ಇರುವುದು ಊರು ನೋಡಲು, ನೆಂಟರ ಮನೆಯಲ್ಲಿ ಇದ್ದು ಬರಲು. ಬಿಸಿನೆಸ್ ವೀಸಾ ಎಂಬ ಹೆಸರು ಕೇಳಿ ಕೆಲವರು ಮೋಸ ಹೋಗುತ್ತಾರೆ. ಅದು ವ್ಯಾಪಾರದ ಮಾತುಕತೆಗೆ, ಮೀಟಿಂಗಿಗೆ, ವಸ್ತುಪ್ರದರ್ಶನ ನೋಡಲು ಹೋಗುವವರಿಗೆ. ಅದರಲ್ಲಿ ಹೋಗಿ ಅಲ್ಲಿನ ಧಣಿಯ ಕೈಯಿಂದ ತಿಂಗಳ ಸಂಬಳ ತಕ್ಕೊಳ್ಳುವ ಹಾಗಿಲ್ಲ. ಸಂಬಳಕ್ಕೆ ದುಡಿಯಬೇಕಾದರೆ ಕೆಲಸದ ವೀಸಾ ಮತ್ತು ವರ್ಕ್ ಪರ್ಮಿಟ್ ಬೇಕು. ಆ ಪರ್ಮಿಟನ್ನು ತೆಗೆಸಬೇಕಾದವನು ಅಲ್ಲಿನ ಧಣಿ. ನಾವು ಹೋಗಿ ಮುಟ್ಟಿದ ಮೇಲೆ ಮೆಡಿಕಲ್, ಬೆರಳಚ್ಚು ಎಲ್ಲ ಮುಗಿದು ವಾಸದ ಕಾರ್ಡ್ ಸಿಗುತ್ತದೆ. ಸೌದಿಯಲ್ಲಿ ಇಕಾಮಾ, ಕುವೈತಿನಲ್ಲಿ ಸಿವಿಲ್ ಐಡಿ, ದುಬೈಯಲ್ಲಿ ಎಮಿರೇಟ್ಸ್ ಐಡಿ ಅನ್ನುವುದು ಇದನ್ನೇ.

‘ಈಗ ವಿಸಿಟಿನಲ್ಲಿ ಹೋಗು, ಅಲ್ಲಿ ಚೇಂಜ್ ಮಾಡಿ ಕೊಡ್ತಾರೆ’ ಎಂಬ ಮಾತು ನೀವೂ ಕೇಳಿರಬಹುದು. ದುಬೈಯಲ್ಲಿ ಹಾಗೆ ಬದಲಿಸಲು ದಾರಿ ಇದೆ, ಸುಳ್ಳಲ್ಲ. ಆದರೆ ಧಣಿ ಪರ್ಮಿಟ್ ತೆಗೆಸಿದರೆ ಮಾತ್ರ. ಅವನು ತೆಗೆಸದಿದ್ದರೆ? ವೀಸಾದ ದಿನ ಮುಗಿಯುತ್ತದೆ, ಆಮೇಲೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ. ಸಂಬಳ ಕೊಡದಿದ್ದರೆ ದೂರು ಕೊಡಲು ಹೆದರಿಕೆ, ಏಕೆಂದರೆ ಕೆಲಸ ಮಾಡಿದ್ದೇ ಕಾನೂನಿಗೆ ವಿರುದ್ಧ. ವಾಪಸು ಬರೋಣ ಅಂದರೆ ಪಾಸ್‌ಪೋರ್ಟ್ ಇನ್ನೊಬ್ಬರ ಕೈಯಲ್ಲಿ.

ಹಾಗಾದರೆ ಏಜೆಂಟರು ಹೆಂಗಸರನ್ನು ವಿಸಿಟಿನಲ್ಲಿ ಯಾಕೆ ಕಳುಹಿಸುತ್ತಾರೆ? ಇದಕ್ಕೆ ನಮ್ಮ ಪಾಸ್‌ಪೋರ್ಟಿನಲ್ಲೇ ಉತ್ತರ ಇದೆ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ‘ಇಸಿಆರ್’ ಪಾಸ್‌ಪೋರ್ಟ್ ಸಿಗುತ್ತದೆ. ಅಂಥವರು ಸೌದಿ, ಕುವೈತ್, ಒಮಾನ್, ಕತಾರ್, ಬಹರೈನ್, ಯುಎಇ, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ, 1983ರ ವಲಸೆ ಕಾಯ್ದೆಯ ಪ್ರಕಾರ ಮೊದಲು ನಮ್ಮ ಸರಕಾರದ ಒಪ್ಪಿಗೆ ಬೇಕು. ಇದನ್ನು ಎಮಿಗ್ರೇಶನ್ ಕ್ಲಿಯರೆನ್ಸ್ ಅನ್ನುತ್ತಾರೆ. ಕೊಡುವುದು ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಅಧಿಕಾರಿ, ಬೆಂಗಳೂರಿನಲ್ಲೂ ಕಚೇರಿ ಇದೆ. ಹೆಂಗಸರಿಗೆ 30 ವರ್ಷ ತುಂಬಿರಬೇಕು. ಇಸಿಆರ್ ಹೆಂಗಸರನ್ನು ಸರಕಾರಿ ಏಜೆನ್ಸಿಗಳ ಮೂಲಕವೇ ಕಳುಹಿಸಬೇಕೆಂದು 2016ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. ಈ ಬೇಲಿ ಹಾರುವ ಸುಲಭದ ದಾರಿಯೇ ವಿಸಿಟ್ ವೀಸಾ. ಏರ್‌ಪೋರ್ಟಿನಲ್ಲಿ ‘ನೆಂಟರ ಮನೆಗೆ’ ಅಂತ ಹೇಳಲು ಕಲಿಸಿ ಕೊಡುತ್ತಾರೆ. ಕೆಲಸಕ್ಕೆ ಹೋದವಳೆಂಬ ದಾಖಲೆ ನಮ್ಮ ಸರಕಾರದಲ್ಲಿ ಇರುವುದಿಲ್ಲ, ಕರಾರುಪತ್ರವೂ ಇರುವುದಿಲ್ಲ.

ಸರಿಯಾದ ದಾರಿಯಲ್ಲಿ ಹೋದವಳಿಗೆ ಏನು ಸಿಗುತ್ತದೆ ಅಂತಲೂ ನೋಡಿ. ಸಂಬಳ, ಕೆಲಸ ಬರೆದ ಕರಾರು ಕೈಯಲ್ಲಿರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ, ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತವಾಗಿ ಅಂಗವಿಕಲಳಾದರೆ 10 ಲಕ್ಷ ರೂಪಾಯಿ ವಿಮೆ. ಕುವೈತಿನಲ್ಲಿ ಮನೆಕೆಲಸದವರಿಗೆ 2015ರಲ್ಲೇ ಕಾನೂನು ಬಂದಿದೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೊಂದು ರಜೆ ಕೊಡಬೇಕು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಎಲ್ಲ ಮನೆಯಲ್ಲೂ ಇದು ನಡೆಯುತ್ತದೆ ಅಂತ ನಾವು ಹೇಳಲಾರೆವು. ಆದರೆ ಕೆಲಸದ ವೀಸಾ ಇದ್ದವಳಿಗೆ ಕೇಳುವ ಬಾಯಾದರೂ ಇರುತ್ತದೆ.

ಕುವೈತಿನ ಇನ್ನೊಂದು ವಿಷಯ. ಅಲ್ಲಿ 20ನೇ ಕಲಂ ಅಂದರೆ ಮನೆಕೆಲಸದ ವೀಸಾ, 18ನೇ ಕಲಂ ಅಂದರೆ ಖಾಸಗಿ ಕಂಪೆನಿಯದ್ದು. ಬ್ಯೂಟಿ ಪಾರ್ಲರ್ ಅಥವಾ ಟೈಲರಿಂಗ್ ಅಂಗಡಿ ಕೆಲಸ ಅಂತ ಹೇಳಿ 20ರ ವೀಸಾ ಕಳುಹಿಸಿದರೆ, ಹೋಗುವುದು ಮನೆಕೆಲಸಕ್ಕೇ ಅಂತ ತಿಳ್ಕೊಳ್ಳಿ.

ಹತ್ತನೇ ಪಾಸಾದ ನಮ್ಮ ಹೆಣ್ಣುಮಕ್ಕಳಿಗೆ ಕ್ಲಿಯರೆನ್ಸ್ ಬೇಡ. ಆದರೆ ಅವರಿಗೂ ಕೆಲಸದ ವೀಸಾ ಬೇಕೇ ಬೇಕು.

ಇನ್ನು ದುಡ್ಡಿನ ವಿಷಯ. ಲೈಸೆನ್ಸ್ ಇರುವ ಏಜೆಂಟನು ಸೇವಾ ಶುಲ್ಕವಾಗಿ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ತಕ್ಕೊಳ್ಳಬಹುದು, ಅದಕ್ಕೆ ರಶೀದಿ ಕೊಡಬೇಕು. ಲಕ್ಷ, ಒಂದೂವರೆ ಲಕ್ಷ ಅಂತ ಕೇಳುವವನು, ‘ರಶೀದಿ ಯಾಕೆ, ನಂಬಿಕೆ ಇಲ್ವಾ?’ ಅನ್ನುವವನು ನಮಗೆ ಬೇಡ. ಅವನು ನಮ್ಮ ಊರಿನವನಾದರೂ, ನಮ್ಮ ಧರ್ಮಕೇಂದ್ರದವನೇ ಆದರೂ ಬೇಡ. ಲೈಸೆನ್ಸ್ ನಂಬ್ರ ಸರಿಯೋ ಎಂದು ವಿದೇಶಾಂಗ ಸಚಿವಾಲಯದ ‘ಇಮೈಗ್ರೇಟ್’ ವೆಬ್‌ಸೈಟಿನಲ್ಲಿ ನೋಡಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ.

ಗುಂಪುಗಳಿಗೆ ನಮ್ಮ ವಿನಂತಿ ಇಷ್ಟು. ವಿದೇಶದ ಖರ್ಚಿಗೆ ಸಾಲ ಕೇಳಿದರೆ ವೀಸಾ, ಕರಾರುಪತ್ರ, ಏಜೆಂಟರ ಲೈಸೆನ್ಸ್ ಮೂರರ ಜೆರಾಕ್ಸ್ ಮೀಟಿಂಗಿನಲ್ಲಿ ನೋಡಿದ ಮೇಲೆಯೇ ಠರಾವು ಬರೆಯಿರಿ. ಇದು ಸದಸ್ಯೆಯ ಮೇಲಿನ ಅನುಮಾನ ಅಲ್ಲ. ಅವಳು ಮೂರು ತಿಂಗಳಲ್ಲಿ ಬರಿಗೈಯಲ್ಲಿ ಹಿಂದೆ ಬಂದರೆ ಕಂತು ಕಟ್ಟಲು ಪರದಾಡುವವಳು ಅವಳೇ, ಬ್ಯಾಂಕಿಗೆ ಉತ್ತರ ಕೊಡುವವರು ಉಳಿದವರು. ಹೋಗುವವಳು ಪಾಸ್‌ಪೋರ್ಟ್, ವೀಸಾ, ಕರಾರಿನ ಒಂದೊಂದು ಪ್ರತಿ ಮನೆಯಲ್ಲಿ ಇಟ್ಟು ಹೋಗಲಿ.

ಈಗಾಗಲೇ ಹೋಗಿ ಕಷ್ಟದಲ್ಲಿ ಇರುವವರ ಮನೆಯವರು ಸುಮ್ಮನೆ ಅಳುತ್ತಾ ಕೂರಬೇಡಿ. ಅವಳು ಯಾವ ವೀಸಾದಲ್ಲೇ ಹೋಗಿರಲಿ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಬಾಗಿಲು ತಟ್ಟಬಹುದು. ಸರಕಾರದ ‘ಮದದ್’ ವೆಬ್‌ಸೈಟಿನಲ್ಲಿ ಮನೆಯವರೂ ದೂರು ದಾಖಲಿಸಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಫೋನ್ 1800 11 3090. ಫೋನ್ ಮಾಡುವಾಗ ಅವಳ ಪಾಸ್‌ಪೋರ್ಟ್ ನಂಬ್ರ ಕೈಯಲ್ಲಿರಲಿ. ಬರೆದು ಕೊಡಲು, ಮಾತಾಡಲು ಸಹಾಯ ಬೇಕಿದ್ದರೆ ನಿಮ್ಮ ವಲಯದ ಕಾರ್ಯಕರ್ತೆಗೆ ತಿಳಿಸಿ, ನಮ್ಮ ಕಚೇರಿಗೆ ಕರೆದುಕೊಂಡು ಬರುತ್ತಾರೆ.